ಅಡಿ ಇಂಚು ಬಲ್ಲ ಕ್ಯಾಲ್ಕ್ಯುಲೇಟರ್

ಎಕ್ಕಂಬಿಯಲ್ಲಿ ಹುಬ್ಬಳ್ಳಿ ರಸ್ತೆಗೆ ಮುಖ ಮಾಡಿ ಒಂದು ವೆಲ್ಡಿಂಗ್ ಶೆಡ್ಡು ಇದೆ. ಹೊರಗೆ ಗೇಟುಗಳನ್ನು ಒರಗಿಸಿಟ್ಟಿರುತ್ತಾರೆ. ಒಳಗೆ ಕಟಿಂಗ್ ಮಷಿನ್ನು ಕಿರುಚುತ್ತಿರುತ್ತದೆ. ಮೂಲೆಯಲ್ಲಿ ಗಾಜು ಹಾಕಿದ ಸಣ್ಣ ಕೋಣೆ. ಅದರಲ್ಲಿ ಒಂದು ಟೇಬಲ್ಲು, ಟೇಬಲ್ಲಿನ ಮೇಲೆ ಕಂಪ್ಯೂಟರು, ಕಂಪ್ಯೂಟರಿನ ಮುಂದೆ ಮಹೇಶ್ವರಿ. ಹಣೆಗೆ ವಿಭೂತಿ, ಮೂಗಿನ ತುದಿಗೆ ಕನ್ನಡಕ. ಒಳಗೆ ಬಂದವರು ಮೊದಲು "ಯಜಮಾನ್ರು ಇಲ್ಲೇನ್ರಿ?" ಎಂದು ಕೇಳುತ್ತಾರೆ. ಅವಳು "ನಾನೇ, ಹೇಳ್ರಿ" ಅನ್ನುತ್ತಾಳೆ. ಎರಡನೇ ಸಲ ಯಾರೂ ಕೇಳುವುದಿಲ್ಲ.

ಅವಳು ಏಳನೇ ಇಯತ್ತೆ ಮುಗಿಸಿದವಳು. ತವರು ಬನವಾಸಿ ಕಡೆಯ ಹಳ್ಳಿ. ಹೈಸ್ಕೂಲಿಗೆ ಹೊಳೆ ದಾಟಬೇಕಿತ್ತು, ದಾಟಲು ಅಪ್ಪ ಬಿಡಲಿಲ್ಲ. ಸದಾಶಿವನನ್ನು ಮದುವೆಯಾಗಿ ಬಂದಾಗ ಅವನ ಹತ್ತಿರ ಒಂದು ವೆಲ್ಡಿಂಗ್ ಮಷಿನ್ನು ಮತ್ತು ತಗಡಿನ ಚಪ್ಪರ ಇತ್ತು, ಅಷ್ಟೇ. ಮೊದಮೊದಲು ಅವಳು ಕೆಲಸದವರಿಗೆ ಅಡುಗೆ ಮಾಡಿದಳು. ಆಮೇಲೆ ಶೆಡ್ಡಿನಲ್ಲಿ ಬಣ್ಣದ ಕೆಲಸಕ್ಕಿದ್ದ ಸುಬ್ಬಿಯ ಜೊತೆ ಕೂತು ಗ್ರಿಲ್ಲುಗಳಿಗೆ ಕೆಂಪು ಪ್ರೈಮರು ಬಳಿದಳು. ಮಕ್ಕಳಾಗಲಿಲ್ಲ. ಆ ಮಾತನ್ನು ಗಂಡ ಹೆಂಡತಿ ಇಬ್ಬರೂ ಬೇಗನೆ ಬಿಟ್ಟುಬಿಟ್ಟರು. ಕೆಲಸ ಬೆಳೆಯಿತು. ಸದಾಶಿವನ ಗೇಟುಗಳು ಯಲ್ಲಾಪುರಕ್ಕೂ ಹೋದವು, ಸಿದ್ದಾಪುರಕ್ಕೂ ಹೋದವು.

ಕಂಪ್ಯೂಟರು ಬಂದದ್ದು ಆಗ. ಶಿರಸಿಯಲ್ಲಿ ಯಾವುದೋ ಆಫೀಸಿನವರು ಹಳೆಯದಾಯಿತೆಂದು ತೆಗೆದುಹಾಕಿದ್ದು. ಶಿರಸಿಯಲ್ಲೇ ರಿಪೇರಿ ಅಂಗಡಿ ಇಟ್ಟಿರುವ ನವೀನ ಅದನ್ನು ನಡೆಸಲು ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟ. "ವಿಂಡೋಸ್ ಹಾಕಿದ್ರೆ ಇದಕ್ಕೆ ಉಸಿರು ಕಟ್ತದೆ ಅಣ್ಣಾ, ಇದು ಹಗುರ" ಎಂದ. ಸದಾಶಿವನಿಗೆ ಅದು ಹಿಡಿಸಿತು. "ಹೇಳಿದಷ್ಟು ಮಾಡತೈತಿ, ಹೆಚ್ಚಿಗಿ ಮಾತಾಡಂಗಿಲ್ಲ. ನಿನ್ನಂಗಲ್ಲ" ಎಂದು ಹೆಂಡತಿಯನ್ನು ಕೆಣಕಿದ. ಅದರಲ್ಲಿ ಗೇಟಿನ ಚಿತ್ರ ಬರೆಯುತ್ತಿದ್ದ. ಬಳ್ಳಿ, ಸೂರ್ಯ, ನವಿಲು, ಗಿರಾಕಿ ಕೇಳಿದ್ದು. ಮಹೇಶ್ವರಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನೋಡಿದಳು. ನೋಡುತ್ತಾ ನೋಡುತ್ತಾ ಮೌಸು ಹಿಡಿದಳು. ಕೊನೆಗೆ ಸ್ಟೂಲಿಗೆ ಅವನು ಹೋದ, ಕುರ್ಚಿಗೆ ಇವಳು ಬಂದಳು. ಚಿತ್ರ ಅವಳದು, ಲೆಕ್ಕ ಅವನದು. ಲೆಕ್ಕಕ್ಕೆ ಅವನು ಯಾವ ಯಂತ್ರವನ್ನೂ ಮುಟ್ಟುತ್ತಿರಲಿಲ್ಲ. ಟೇಪು ಎಳೆದು, ಆಕಾಶ ನೋಡಿ, ಇಷ್ಟು ಅಡಿ ಇಷ್ಟು ಇಂಚು ಎಂದುಬಿಡುತ್ತಿದ್ದ. ಆ ಲೆಕ್ಕ ಅವನ ತಲೆಯೊಳಗೆ ಇತ್ತು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಸದಾಶಿವ ಸತ್ತ. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ. ಹುಬ್ಬಳ್ಳಿಗೆ ಒಯ್ದರು. ಜೀವ ಮುಂಡಗೋಡ ದಾಟಲಿಲ್ಲ. ಅವನ ತಲೆ ಅವಳ ತೊಡೆಯ ಮೇಲಿತ್ತು. ಆ ತಲೆ ಭಾರವಾದದ್ದು ಅವಳಿಗೆ ತಿಳಿಯಿತು. ಡ್ರೈವರಿಗೆ ಹೇಳಲಿಲ್ಲ. ಹೇಳಿದರೆ ಗಾಡಿ ನಿಧಾನ ಮಾಡುತ್ತಾನೆ ಎಂದು.

ಮಣ್ಣು ಮಾಡಿದರು. ಜಂಗಮರ ಊಟವಾಯಿತು. ನೆಂಟರು ಹೋದರು. ಮರುದಿನ ಅವಳು ಶೆಡ್ಡಿನ ಶಟರು ಎತ್ತಿದಳು.

ಊರು ಮಾತಾಡಿತು. ಗಂಡ ಸತ್ತ ಹೆಂಗಸು ಇಷ್ಟು ಬೇಗ ರಸ್ತೆಗೆ ಬಂದು ಕೂತಳು ಅಂತ. ಸುಬ್ಬಿ ಆ ಮಾತನ್ನು ಹಾಗೇ ತಂದು ಅವಳಿಗೆ ಒಪ್ಪಿಸಿದಳು. ಮಹೇಶ್ವರಿ ಕೇಳಿದಳು: "ಮನ್ಯಾಗ ಕುಂತ್ರ ಎದ್ದು ಬರ್ತಾರೇನ ಅವರು?"

ಸುಬ್ಬಿ ಬ್ರಶ್ಶು ಅದ್ದಿದಳು. ಆ ಮಾತು ಅಲ್ಲಿಗೆ ಮುಗಿಯಿತು.

ಕೆಲಸಕ್ಕೆ ಮಡಿವಾಳಪ್ಪ ಇದ್ದ. ಸದಾಶಿವನ ಕೈಯಲ್ಲೇ ಕಲಿತ ವೆಲ್ಡರು, ಬೆಸುಗೆ ಹಾಕಿದರೆ ಬೆರಳಾಡಿಸಿದರೂ ಬೆಸೆದ ಜಾಗ ಸಿಗುವುದಿಲ್ಲ. ಆದರೆ ಕಾಗದದಲ್ಲಿ ಬರೆದದ್ದನ್ನು ಕೊಯ್ಯುವವನು. ಯಾಕೆ ಅಷ್ಟು ಎಂದು ಕೇಳುವವನಲ್ಲ. ಕಿಟಕಿ, ಮೆಟ್ಟಿಲ ಕಂಬಿಯಂಥ ಸಣ್ಣ ಕೆಲಸವನ್ನು ಅವನೇ ಜಾಗಕ್ಕೆ ಹೋಗಿ ಅಳೆದು ಮುಗಿಸುತ್ತಿದ್ದ. ದೊಡ್ಡ ಕೆಲಸ ಬಂದದ್ದು ಭೈರುಂಬೆಯಿಂದ. ವೆಂಕಟ್ರಮಣ ಹೆಗಡೆಯವರಿಗೆ ಮನೆಯ ಮುಂದೆ ಕಾರು ನಿಲ್ಲಿಸಲು ಶೀಟಿನ ಮಾಡು, ಅಂದರೆ ಇಳಿಜಾರು ಚಾವಣಿ, ಬೇಕಿತ್ತು. ಹಿಂದೆ ಅವರ ಗೇಟು ಮಾಡಿದ್ದು ಸದಾಶಿವನೇ. "ಅವರಿಲ್ಲ ಅಂತ ಬೇರೆಯವರ ಹತ್ರ ಯಾಕೆ ಹೋಗಲಿ? ನೀವೇ ಮಾಡಿ" ಎಂದರು.

ಮಹೇಶ್ವರಿ ಹೋಗಿ ಅಳೆದಳು. ಗೋಡೆ ಕಡೆಯ ಕಂಬ ನೆಲದಿಂದ ಏಳಡಿ ಹತ್ತಿಂಚು ಎತ್ತರ. ಹೊರಗಿನ ಕಂಬ ಏಳಡಿ ಎರಡಿಂಚು. ನೀರು ಹೊರಗೆ ಹರಿಯಬೇಕು, ಅದಕ್ಕೆ ಹೊರಗಿನದು ಗಿಡ್ಡ. ಎರಡಕ್ಕೂ ಗುಂಡಿಯಲ್ಲಿ ಹೂಳುವ ಒಂದಡಿ ಆರಿಂಚು ಕೂಡಿಸಬೇಕು. ಈ ಕಸುಬಿನಲ್ಲಿ ಎಲ್ಲರೂ ಅಡಿ ಬರೆದು, ಚುಕ್ಕಿ ಇಟ್ಟು, ಇಂಚು ಬರೆಯುತ್ತಾರೆ. ಏಳಡಿ ಹತ್ತಿಂಚು ಅಂದರೆ 7.10. ಸದಾಶಿವನೂ ಹಾಗೇ ಬರೆಯುತ್ತಿದ್ದ, ಅವಳೂ ಹಾಗೇ ಬರೆದಳು. ಕಂಪ್ಯೂಟರಿನಲ್ಲಿದ್ದ ಕ್ಯಾಲ್ಕ್ಯುಲೇಟರು ತೆರೆದು ಬರೆದದ್ದನ್ನೇ ಒತ್ತಿದಳು. 7.2ಕ್ಕೆ 1.6 ಕೂಡಿಸಿದಾಗ 8.8 ಬಂತು, ಎಂಟಡಿ ಎಂಟಿಂಚು. ಸರಿ. 7.10ಕ್ಕೆ 1.6 ಕೂಡಿಸಿದಾಗ 8.7 ಬಂತು. ಎಂಟಡಿ ಏಳಿಂಚು ಎಂದು ಬರೆದಳು. ಮಡಿವಾಳಪ್ಪ ಕೊಯ್ದ.

ಅಡಿಗೆ ಹನ್ನೆರಡು ಇಂಚು ಎಂದು ಆ ಕ್ಯಾಲ್ಕ್ಯುಲೇಟರಿಗೆ ಯಾರು ಹೇಳಿದ್ದರು? ಅದಕ್ಕೆ ಎಲ್ಲವೂ ಹತ್ತು ಹತ್ತೇ. ಹತ್ತಿಂಚನ್ನು ಅದು ಒಂದು ಅಂದುಕೊಂಡಿತ್ತು.

ಭೈರುಂಬೆಯಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟು ತುಂಬಿದರು. ಕಾಂಕ್ರೀಟು ಗಟ್ಟಿಯಾದ ಮೇಲೆ ಮಡಿವಾಳಪ್ಪ ಒಳಗಿನ ಕಂಬದಿಂದ ಹೊರಗಿನ ಕಂಬಕ್ಕೆ ಒಂದು ಪೈಪು ಅಡ್ಡ ಇಟ್ಟ. ವೆಂಕಟ್ರಮಣ ಹೆಗಡೆಯವರು ಜಗಲಿಯಲ್ಲಿ ನಿಂತು ತಲೆ ವಾರೆ ಮಾಡಿ ನೋಡಿದರು.

"ಮಡಿವಾಳಪ್ಪ, ಇದು ಮನೆ ಕಡೆಗೇ ಇಳಿದಿದೆ ಅಲ್ದಾ?"

ಮಡಿವಾಳಪ್ಪ ನೋಡಿದ. ಹೌದು, ಇಳಿದಿತ್ತು.

ಒಳಗಿನಿಂದ ಹೆಗಡೆಯವರ ಹೆಂಡತಿ ಸೀತಮ್ಮ ಕೈ ಒರೆಸಿಕೊಳ್ಳುತ್ತ ಬಂದರು. "ಎಂತದು? ನೀರು ಒಳಗೇ ಬತ್ತಾ ಹಂಗಾದ್ರೆ? ಮಳೆಗಾಲದಲ್ಲಿ ಜಗಲಿ ಮೇಲೆ ಬಟ್ಟೆ ತೊಳೆಯಲಡ್ಡಿಲ್ಲೆ!"

"ನೀ ಸುಮ್ನಿರೇ" ಎಂದರು ಹೆಗಡೆಯವರು. ಆದರೆ ಅವರ ಮುಖವೂ ಬಿಗಿದಿತ್ತು.

ಮಡಿವಾಳಪ್ಪ ಶೆಡ್ಡಿಗೆ ಬಂದವನೇ ಟೋಪಿ ತೆಗೆದು ಟೇಬಲ್ಲಿನ ಮೇಲೆ ಒಗೆದ. "ಅಕ್ಕಾರ, ನಿಮ್ಮ ಕಾಗದ ನೋಡಿ ನಾ ಇನ್ನ ಮುಂದ ಕೊಯ್ಯಂಗಿಲ್ಲ. ನನ್ನ ಮಾರಿಗೆ ಮಸಿ ಹತ್ತಿತು ಇವತ್ತ." ಅವನು ಸದಾಶಿವನಿಗೂ ಎಂದೂ ಹೀಗೆ ಹೇಳಿದವನಲ್ಲ. ಅವಳು ಕಂಬದ ಅಳತೆಯ ಕಾಗದ ಮುಂದಕ್ಕೆ ಎಳೆದುಕೊಂಡಳು.

ಸುದ್ದಿ ಬನವಾಸಿಗೆ ಮುಟ್ಟಿತು. ಅಲ್ಲಿ ಸದಾಶಿವನ ಅಣ್ಣ ಚಂದ್ರಶೇಖರಪ್ಪನ ಗೊಬ್ಬರದ ಅಂಗಡಿ ಇದೆ. ಶೆಡ್ಡಿನ ಜಾಗ ಅಣ್ಣ ತಮ್ಮ ಇಬ್ಬರ ಹೆಸರಿನಲ್ಲಿತ್ತು. ತಮ್ಮ ಇರುವ ತನಕ ಅಣ್ಣ ಇತ್ತ ತಲೆ ಹಾಕಿರಲಿಲ್ಲ. ಈಗ ಬಂದ. ಒಬ್ಬನೇ ಬರಲಿಲ್ಲ, ದಾರಿಯಲ್ಲಿ ಶಿರಸಿಯಿಂದ ನವೀನನನ್ನೂ ಕರೆದುಕೊಂಡು ಬಂದ.

ಚಂದ್ರಶೇಖರಪ್ಪ ಕೆಟ್ಟವನಲ್ಲ. ತಮ್ಮ ಸತ್ತಾಗ ಗೋಡೆಗೆ ತಲೆ ಚಚ್ಚಿಕೊಂಡು ಅತ್ತವನು. ಆದರೆ ತಾನು ಹೇಳಿದ್ದು ನಡೆಯಬೇಕು ಎನ್ನುವವನು. ಬಂದವನೇ ನಿಂತುಕೊಂಡೇ ಹೇಳಿದ:

"ನೋಡವಾ ಮಹೇಶ್ವರಿ, ಆದದ್ದಾತು. ಭೈರುಂಬಿಗೆ ಮಡಿವಾಳಪ್ಪನ್ನ ಕಳಸಿ ಗಿಡ್ಡ ಕಂಬಕ್ಕ ಮ್ಯಾಲೆ ತುಂಡು ಬೆಸಿಸು. ಈ ಕಂಪ್ಯೂಟರ್ ನವೀನ ಅಳಸಿ ವಿಂಡೋಸ್ ಹಾಕ್ತಾನ. ನಮ್ಮ ರವೀಂದ್ರ ಸೋಮವಾರದಿಂದ ಬಂದು ಇಲ್ಲಿ ಕುಂದರತಾನ. ಅವ ಡಿಪ್ಲೊಮಾ ಮಾಡ್ಯಾನ. ನೀ ಮನ್ಯಾಗ ಆರಾಮಿರು. ನಿನ್ನ ಊಟಕ್ಕ ಏನೂ ಕಡಿಮಿ ಆಗಂಗಿಲ್ಲ."

ರವೀಂದ್ರ ಚಂದ್ರಶೇಖರಪ್ಪನ ಮಗ. ಮಹೇಶ್ವರಿ ಗಂಡನ ಅಣ್ಣನ ಮುಂದೆ ಎಂದೂ ಕೂತು ಮಾತಾಡಿದವಳಲ್ಲ. ಅವನು ಬಂದರೆ ಎದ್ದು ನಿಂತು ಸೆರಗು ಹೊದೆಯುತ್ತಿದ್ದಳು. ಆ ದಿನ ಸೆರಗು ಹೊದ್ದಳು. ಏಳಲಿಲ್ಲ. ಎದ್ದರೆ ಮತ್ತೆ ಆ ಕುರ್ಚಿ ತನಗಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

"ಬಾವಾರ, ಊಟದ ಮಾತು ನಾ ಆಡಿಲ್ರಿ" ಎಂದಳು. "ತುಂಡು ಬೆಸಿಯಂಗಿಲ್ಲ. ಹೊಸಾ ಮಾಡಿಗೆ ತ್ಯಾಪಿ ಹಾಕಿ ಅವರು ಯಾರಿಗೂ ಕೊಟ್ಟಿಲ್ಲ, ನಾನೂ ಕೊಡಂಗಿಲ್ಲ. ಕಂಪ್ಯೂಟರ್ ಅಳಸಂಗಿಲ್ಲ. ನಾ ಏಳಂಗಿಲ್ಲ."

"ಕಾಂಕ್ರೀಟ ಒಡೀತಿಯೇನ?"

"ಒಡೀತೀನಿ."

"ಮತ್ತ ಕೊಯ್ಯೋರ್ಯಾರು? ಮಡಿವಾಳಪ್ಪನ ಕೇಳಿಯೇನ?"

ಮಡಿವಾಳಪ್ಪ ಹೊರಗೆ ಗೇಟಿನ ಹಿಂದೆ ಬಗ್ಗಿಕೊಂಡು ಏನನ್ನೋ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ. ಕಿವಿ ಮಾತ್ರ ಇತ್ತ ಇತ್ತು.

"ಸೋಮವಾರ ರವೀಂದ್ರ ಬರ್ತಾನ" ಎಂದ ಚಂದ್ರಶೇಖರಪ್ಪ. "ಅದರೊಳಗ ನಿನ್ನ ಕಾಗದ ನೋಡಿ ಮಡಿವಾಳಪ್ಪ ಕೊಯ್ದನಂದ್ರ ನೋಡೋಣ." ಚಹಾ ಕುಡಿಯದೆ ಹೋದ. ನವೀನನಿಗೆ ಮುಂದಿನ ಬಸ್ಸಿಗೆ ಬಾ ಎಂದ.

ನವೀನ ಕುರ್ಚಿಯ ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಂತಿದ್ದ. "ಅಕ್ಕಾ, ನಾ ಏನ್ ಮಾಡ್ಲಿ ಈಗ?"

"ಆ ಸ್ಟೂಲ್ ತಗೊಂಡು ಕುಂದರ. ಈ ಲಿನಕ್ಸಿನಾಗ ಒಂದು ಛಲೋ ಕ್ಯಾಲ್ಕ್ಯುಲೇಟರ್ ಹುಡುಕಿ ಕೊಡು."

"ಇರೋದು ಛಲೋನೇ ಇದೆಯಲ್ಲ ಅಕ್ಕಾ."

"ಛಲೋ ಇದ್ರ ಭೈರುಂಬಿಯಾಗ ನೀರು ಮನಿಗೆ ಯಾಕ ಬರತಿತ್ತು?"

ತಪ್ಪು ಹೇಗಾಯಿತೆಂದು ಅವಳಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ನವೀನನಿಗೆ ಹೇಳಿದಳು. ಅವನು ತಲೆ ಕೆರೆದುಕೊಂಡ. "ಅಡಿನ ಇಂಚು ಮಾಡ್ಕೊಂಡು ಕೂಡಿಸಿ, ಮತ್ತೆ ಹನ್ನೆರಡರಿಂದ ಭಾಗಿಸಿದ್ರಾಯ್ತಲ್ಲ?"

"ಒಂದು ಕಂಬಕ್ಕಾದ್ರ ಮಾಡಬಹುದು. ಇಡೀ ಮಾಡಿಗೆ ಮಾಡ್ತಾ ಕುಂತ್ರ ಎಲ್ಲೋ ಒಂದ್ಕಡಿ ಮತ್ತ ತಪ್ಪತೈತಿ. ಈ ಸಲ ತಪ್ಪಿದ್ರ ಮತ್ತ ನಂಗಿಲ್ಲಿ ಜಾಗ ಇಲ್ಲ. ನಂಗ ಎರಡು ಬೇಕು. ಅಡಿ ಇಂಚು ಗೊತ್ತಿರಬೇಕು ಅದಕ್ಕ. ಮತ್ತ ನಾ ಒತ್ತಿದ್ದು ಮ್ಯಾಲಿಂದ ಕೆಳಗ ಹಂಗೇ ಕಾಣಬೇಕು, ಅಳಿಸಿ ಹೋಗಬಾರದು. ತಪ್ಪು ಒತ್ತಿದ್ರ ಕಣ್ಣಿಗೆ ಬೀಳಬೇಕು."

ನವೀನ ತನ್ನ ಮೊಬೈಲಿನಿಂದ ಇಂಟರ್ನೆಟ್ಟು ಕೊಟ್ಟು ಒಂದೊಂದನ್ನೇ ಇಳಿಸಿದ. ಮಹೇಶ್ವರಿ ಎಲ್ಲಕ್ಕೂ ಒಂದೇ ಲೆಕ್ಕ ಕೊಟ್ಟಳು. ಏಳಡಿ ಹತ್ತಿಂಚಿಗೆ ಒಂದಡಿ ಆರಿಂಚು. ಒಂಬತ್ತಡಿ ನಾಲ್ಕಿಂಚು ಅಂದರೆ ಪಾಸು, ಇಲ್ಲವಾದರೆ ಮನೆಗೆ.

ಮೊದಲನೆಯದು ನೋಡಲು ಚೆಂದ. ದುಂಡು ಗುಂಡಿ, ತಿಳಿ ಬಣ್ಣ. ಅದಕ್ಕೆ ಹಳೆಯದರಷ್ಟೇ ಬುದ್ಧಿ. "ಮದಲಿಂಗನಂಗ ಐತಿ, ಬರೇ ಸಿಂಗಾರ. ತೆಗಿ" ಎಂದಳು. ಎರಡನೆಯದರ ತುಂಬ ಅವಳು ಕಂಡರಿಯದ ಅಕ್ಷರಗಳ ಗುಂಡಿಗಳು. ಅದು ಕಾಲೇಜಿನವರಿಗೆ ಎಂದ ನವೀನ. ಬಾಗಿಲಲ್ಲಿ ನಿಂತಿದ್ದ ಸುಬ್ಬಿ ಇಣುಕಿ ನೋಡಿ, "ಇಷ್ಟು ಗುಂಡಿ ನನ್ನ ರವಿಕಿಗೂ ಇಲ್ಲ ಬಿಡ್ರಿ" ಎಂದಳು. ಮೂರನೆಯದು ಒತ್ತಿದ್ದನ್ನೆಲ್ಲ ಸಾಲಾಗಿ ತೋರಿಸಿತು. ಮಹೇಶ್ವರಿ ಮುಂದಕ್ಕೆ ಬಗ್ಗಿದಳು. ಆದರೆ ಅವರಿಬ್ಬರಿಗೂ ಅದರಿಂದ ಅಡಿ ಇಂಚು ಹೊರಡಿಸಲು ಆಗಲಿಲ್ಲ.

ನಾಲ್ಕನೆಯದರ ಹೆಸರು ಕ್ವಾಲ್ಕ್ಯುಲೇಟ್ ಎಂದು. ನವೀನ ಎರಡು ಸಲ ಹೇಳಿದ ಮೇಲೂ ಅದು ಅವಳ ನಾಲಿಗೆಯಲ್ಲಿ ಹೊರಳಲಿಲ್ಲ. ಅದರಲ್ಲಿ ಚುಕ್ಕಿ ಇಡುವ ಕೆಲಸವಿಲ್ಲ. ಸಂಖ್ಯೆ ಬರೆದು ಅಡಿಗೆ ft, ಇಂಚಿಗೆ in ಎಂದು ಒತ್ತಬೇಕು. ಆ ಅಕ್ಷರಗಳು ಅವಳಿಗೆ ಗೊತ್ತು, ಶೀಟಿನ ಕಟ್ಟುಗಳ ಚೀಟಿಯಲ್ಲಿ ನೋಡಿದ್ದಳು. ಒತ್ತಿದಳು. ಉತ್ತರ ಬಂತು: 2.8448 m.

"ಮೀಟರ್ ಹೇಳ್ತಿದೆ ಅಕ್ಕಾ" ಎಂದ ನವೀನ.

"ನಾ ಮೀಟರ್ ಕೇಳಿದ್ನೇನ? ಈ ಊರಾಗ ಮೀಟರಿನ ಮನಿ ಯಾರದೈತಿ?"

ನವೀನ ಅಲ್ಲಿ ಇಲ್ಲಿ ಒತ್ತಿ ನೋಡಿದ. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂತು, ಬಸ್ಸೂ ಬಂತು. "ನಾಳೆ ಮನೇಲಿ ನೋಡ್ತೀನಿ ಅಕ್ಕಾ, ಏನಾದ್ರೂ ದಾರಿ ಇರ್ತದೆ. ಇದನ್ನ ತೆಗೀಬೇಡಿ" ಎಂದು ಓಡಿದ.

ಮಹೇಶ್ವರಿ ಉತ್ತರವನ್ನೇ ನೋಡುತ್ತ ಕೂತಳು. ಸದಾಶಿವನ ಮೇಲೆ ರೇಗಿತು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಎಲ್ಲ ಕಲಿಸಿದೆ, ತಲೆಯೊಳಗಿನ ಲೆಕ್ಕ ಮಾತ್ರ ಜೊತೆಗೆ ಒಯ್ದೆಯಲ್ಲ ಎಂದು. ಗಂಡ ಸತ್ತ ಮೇಲೆ ಅವನ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು. ಸಿಟ್ಟು ಬಂದದ್ದರಿಂದ ಅಳು ಬರಲಿಲ್ಲ. ಅದು ಒಳ್ಳೆಯದೇ ಆಯಿತು.

ಟೇಬಲ್ಲಿನ ಮೇಲೆ ಟೇಪು ಬಿದ್ದಿತ್ತು. ಟೇಪಿಗೆ ಎರಡು ಅಂಚು. ಮೇಲಿನದರಲ್ಲಿ ಅಡಿ ಇಂಚು, ಕೆಳಗಿನದರಲ್ಲಿ ಸೆಂಟಿಮೀಟರು. ಕೆಳಗಿನ ಅಂಚನ್ನು ಆ ಶೆಡ್ಡಿನಲ್ಲಿ ಯಾರೂ ನೋಡಿದವರಲ್ಲ. ಅವಳು ಸುಬ್ಬಿಗೆ ಟೇಪಿನ ತುದಿ ಹಿಡಿಸಿ ಎಳೆದಳು. ಮೀಟರಿಗೆ ನೂರು ಸೆಂಟಿಮೀಟರು ಎಂದು ಲೆಕ್ಕ ಹಿಡಿದು ಇನ್ನೂರ ಎಂಬತ್ತನಾಲ್ಕೂವರೆಗೆ ಬೆರಳಿಟ್ಟಳು. ಮೇಲಿನ ಅಂಚು ನೋಡಿದಳು.

ಒಂಬತ್ತಡಿ ನಾಲ್ಕಿಂಚು.

"ಏನಾತ್ರಿ ಅಕ್ಕಾರ?"

"ಅದಕ್ಕ ಗೊತ್ತೈತಿ" ಎಂದಳು ಮಹೇಶ್ವರಿ. "ಗೊತ್ತಿದ್ದೂ ಹೇಳವಲ್ದು. ನಮ್ಮ ಮಾತಿನ್ಯಾಗ ಹೇಳಸಬೇಕಷ್ಟೇ."

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ನೇರ ಬಂದು ಕೂತಳು. ಆ ಕ್ಯಾಲ್ಕ್ಯುಲೇಟರಿನ ಜೊತೆ ಅದನ್ನು ಬಳಸುವ ಕ್ರಮ ಹೇಳುವ ಪುಟಗಳಿದ್ದವು. ಎಲ್ಲ ಇಂಗ್ಲಿಷು. ಉದ್ದುದ್ದ, ಇರುವೆ ಸಾಲಿನ ಹಾಗೆ. ಓದಲು ಅವಳಿಗೆ ಬರುವುದಿಲ್ಲ. ಅವಳು ಓದಲಿಲ್ಲ, ಹುಡುಕಿದಳು. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ, ಅಡಿಯ ಎರಡಕ್ಷರ ಎಲ್ಲಿದೆ ಎಂದು ಮಾತ್ರ ನೋಡುತ್ತ ಕೆಳಗೆ ಇಳಿದಳು. ಕಣ್ಣು ಮಂಜಾದವು. ಚಹಾ ಆರಿತು. ಗ್ರಿಲ್ಲು ಕೇಳಿಕೊಂಡು ಬಂದವನನ್ನು ಸುಬ್ಬಿಯೇ ಮಾತಾಡಿಸಿ ಕಳಿಸಿದಳು.

ಸಿಕ್ಕಿತು. ಉದಾಹರಣೆಗಳ ನಡುವೆ ಒಂದು ಸಾಲು. ಎಡಕ್ಕೆ ಮೀಟರಿನ ಸಂಖ್ಯೆ, ಅದರ ಮುಂದೆ to ft. ಬಲಕ್ಕೆ ಉತ್ತರದಲ್ಲಿ ಅಡಿಯೂ ಇತ್ತು, ಇಂಚೂ ಇತ್ತು, ಬೇರೆ ಬೇರೆಯಾಗಿ. ಅವಳು ತನ್ನ ಲೆಕ್ಕದ ಬಾಲಕ್ಕೆ ಆ ಎರಡು ಪದ ಅಂಟಿಸಿ ಒತ್ತಿದಳು.

9 ft + 4 in.

ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಇನ್ನೊಮ್ಮೆ ಒತ್ತಿದಳು. ಅದೇ ಬಂತು. ಹೊರಗಿನ ಕಂಬದ್ದು ಒತ್ತಿದಳು. ಎಂಟಡಿ ಎಂಟಿಂಚು. ಮೊದಲಿನ ಸಾಲು ಮೇಲೆ ಹಾಗೇ ನಿಂತಿತ್ತು, ಅಳಿಸಿ ಹೋಗಿರಲಿಲ್ಲ.

ಆಗ ಭೈರುಂಬೆಯ ಇಡೀ ಕೆಲಸವನ್ನು ಮೊದಲಿನಿಂದ ಒತ್ತುತ್ತ ಬಂದಳು. ಮಾಡಿನ ಅಡ್ಡ ಪೈಪುಗಳಿಗೆ ಬಂದಾಗ ಕೈ ನಿಂತಿತು. ಕಂಬದಿಂದ ಕಂಬಕ್ಕೆ ಹನ್ನೊಂದಡಿ ನಾಲ್ಕಿಂಚು, ಹೊರಗೆ ಚಾಚುವ ಸೂರು ಒಂದಡಿ ಹತ್ತಿಂಚು. ಕೂಡಿದರೆ ಹದಿಮೂರಡಿ ಎರಡಿಂಚು. ಅವಳು ಬರೆದುಕೊಟ್ಟದ್ದು ಹನ್ನೆರಡಡಿ ಐದಿಂಚು. ಆ ಪೈಪುಗಳೂ ಗಿಡ್ಡ. ಕೊಯ್ದಾಗಿತ್ತು. ಯಾರಿಗೂ ಇನ್ನೂ ಗೊತ್ತಾಗಿರಲಿಲ್ಲ.

ಸುಮ್ಮನೆ ಇದ್ದರೆ ಸೂರು ಸ್ವಲ್ಪ ಒಳಗೆ ಬರುತ್ತಿತ್ತು, ಅಷ್ಟೇ. ಹೆಗಡೆಯವರು ಟೇಪು ಹಿಡಿದು ನೋಡುವವರಲ್ಲ. ಅವಳು ಎದ್ದು ಹೊರಗೆ ಹೋದಳು.

"ಮಡಿವಾಳಪ್ಪ, ಅಡ್ಡ ಪೈಪೂ ತಪ್ಪ್ಯಾವ. ಎಲ್ಲಾ ಮತ್ತ ಕೊಯ್ಯಬೇಕು."

ಮಡಿವಾಳಪ್ಪ ಕೈಯಲ್ಲಿದ್ದದ್ದನ್ನು ಕೆಳಗಿಟ್ಟ. "ಒಂದು ತಪ್ಪಿಗೆ ನನ್ನ ಮಾನ ಹೋತು. ಇನ್ನೊಂದು ತೋರಸಾಕ ಬಂದೀರೇನ?"

"ಹೌದು. ಒಳಗ ಬಾ. ನೀ ಅಳತಿ ಹೇಳು, ನಾ ಒತ್ತತೀನಿ. ಬಂದದ್ದನ್ನ ಟೇಪ್ ಹಿಡದು ನೆಲದ ಮ್ಯಾಲೆ ಗೆರಿ ಹಾಕಿ ನೋಡು. ಒಂದು ನೂಲು ತಪ್ಪಿದ್ರ ನಾನೇ ಬಾವಾಗ ಫೋನ್ ಮಾಡಿ ರವೀಂದ್ರನ ಕರಸತೀನಿ." ಇಂಚಿನ ಎಂಟನೇ ಒಂದು ಪಾಲಿಗೆ ನೂಲು ಅನ್ನುತ್ತಾರೆ.

ಮಡಿವಾಳಪ್ಪ ಬಂದ. ಬೇಕೆಂದೇ ವಕ್ರ ವಕ್ರ ಅಳತೆ ಹೇಳಿದ. ಮೂರಡಿ ಹನ್ನೊಂದಿಂಚಿಗೆ ನಾಲ್ಕಡಿ ಹತ್ತೂವರೆ ಇಂಚು. ಅದರಲ್ಲಿ ಒಂದಡಿ ಒಂಬತ್ತು ಕಳೆ. ಅವಳು ಒತ್ತಿದಳು, ಉತ್ತರ ಹೇಳಿದಳು. ಅವನು ಶೆಡ್ಡಿನ ನೆಲದ ಮೇಲೆ ಮೊಣಕಾಲೂರಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೇಪಿಟ್ಟು ನೋಡಿದ. ನೆಲವೆಲ್ಲ ಗೆರೆಯಾಯಿತು. ಸುಬ್ಬಿ ಗೆರೆ ತುಳಿಯದಂತೆ ಒಂಟಿಗಾಲಲ್ಲಿ ಕುಂಟುತ್ತ ಓಡಾಡಿದಳು. "ಮಡಿವಾಳಣ್ಣಾ, ಸಾಕ ಮಾಡೋ, ನಾ ಪ್ರೈಮರ್ ಎಲ್ಲಿಡ್ಲಿ?"

ಅವನು ಎದ್ದು ಮೊಣಕಾಲು ಕೊಡವಿಕೊಂಡ. "ಮತ್ತ ಆವತ್ತ ಯಾಕ ತಪ್ಪಿತ್ರಿ?"

"ಚುಕ್ಕಿಯಿಂದ. ಇನ್ನ ಮುಂದ ಈ ಶೆಡ್ಡಿನ್ಯಾಗ ಯಾರೂ ಚುಕ್ಕಿ ಇಡಂಗಿಲ್ಲ. ಅಡಿ ಬ್ಯಾರೆ, ಇಂಚು ಬ್ಯಾರೆ ಬರೀಬೇಕು. ನೀನೂನೂ."

"ಸದಾಶಿವಣ್ಣ ಇಡತಿದ್ರಲ್ಲ..."

"ಅವರಿಗೆ ತಲಿ ಇತ್ತು, ಇಟ್ರು. ನಂಗ ಇಲ್ಲ. ಕಾಗದ ತಗೋ."

ಮಡಿವಾಳಪ್ಪ ಕಾಗದ ನೋಡಿದ. ಮಹೇಶ್ವರಿಯ ಮುಖ ನೋಡಿದ. ಟೋಪಿ ಹಾಕಿಕೊಂಡು ಹೋಗಿ ಮಷಿನ್ನು ಚಾಲೂ ಮಾಡಿದ.

ಶನಿವಾರ ಭೈರುಂಬೆಯಲ್ಲಿ ಕಾಂಕ್ರೀಟು ಒಡೆದು ಹಳೆಯ ಕಂಬ ಕಿತ್ತರು. ಮಹೇಶ್ವರಿಯೂ ಹೋಗಿದ್ದಳು. ಹೆಗಡೆಯವರು, "ತುಂಡು ಹಾಕಿದ್ರೂ ನಡೀತಿತ್ತೇನೋ ಅಮ್ಮಾ, ಇಷ್ಟೆಲ್ಲ ಯಾಕೆ?" ಎಂದು ಪಾಪ ಅನ್ನಿಸಿ ಕೇಳಿದರು. "ನಿಮಗ ನಡೀತಿತ್ತು ಹೆಗಡೇರ, ನಂಗ ನಡೆಯಂಗಿಲ್ಲ" ಎಂದಳು. ಅಡ್ಡ ಪೈಪುಗಳೂ ತಪ್ಪಿದ್ದವು, ಬದಲಿಸಿ ತಂದಿದ್ದೇನೆ, ತಪ್ಪು ನನ್ನದು, ಕ್ಷಮಿಸಿ ಎಂದೂ ಹೇಳಿದಳು. ಸೀತಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಒಳಗೆ ಹೋಗಿ ಎಲ್ಲರಿಗೂ ಅವಲಕ್ಕಿ ಕಲೆಸಿದರು.

ಕಂಬ ಗಟ್ಟಿಯಾಗಲು ಬಿಟ್ಟರು. ಸೋಮವಾರ ಶೀಟು ಹೊದಿಸಲು ಹೋದಾಗ ಚಂದ್ರಶೇಖರಪ್ಪನೂ ಬೈಕಿನಲ್ಲಿ ಬಂದ. ಹಿಂದೆ ರವೀಂದ್ರ ಕೂತಿದ್ದ. ಹೊಸ ಅಂಗಿ, ಕೈಯಲ್ಲಿ ಲ್ಯಾಪ್‌ಟಾಪಿನ ಚೀಲ. ಗಿರಾಕಿಯ ಹತ್ತಿರ ತಾನೇ ಮೊದಲು ಕ್ಷಮೆ ಕೇಳಿಬಿಡೋಣ ಎಂದು ಚಂದ್ರಶೇಖರಪ್ಪ ಬಂದದ್ದು. ಕೈ ಮುಗಿದು, "ಹೆಗಡೇರ, ಹೆಣ್ಮಗಳು, ತಿಳೀಲಿಲ್ಲ..." ಎಂದು ಶುರು ಮಾಡಿದ.

"ತಿಳೀತು ಬಾವಾರ" ಎಂದಳು ಮಹೇಶ್ವರಿ ಏಣಿಯ ಬುಡದಿಂದ. "ನನ್ನ ಪರವಾಗಿ ಕ್ಷಮಾ ಕೇಳಬ್ಯಾಡ್ರಿ. ನಾ ಕೇಳಿ ಆಗೇತಿ."

ಕೊನೆಯ ಶೀಟು ಕೂತಿತು. ಸೀತಮ್ಮ ಯಾರನ್ನೂ ಕೇಳಲಿಲ್ಲ. ಒಳಗಿನಿಂದ ಒಂದು ಕೊಡ ನೀರು ತಂದು ಮಡಿವಾಳಪ್ಪನ ಕೈಗೆ ಕೊಟ್ಟು, ಮೇಲೆ ಹೊಯ್ಯಿ ಎಂದರು. ಅವನು ಏಣಿ ಹತ್ತಿ ಗೋಡೆ ಕಡೆಯಿಂದ ಹೊಯ್ದ. ನೀರು ಒಂದು ಕ್ಷಣ ಶೀಟಿನ ಮೇಲೆ ಸದ್ದು ಮಾಡಿತು. ಆಮೇಲೆ ಹೊರಗಿನ ಸೂರಿನ ಉದ್ದಕ್ಕೂ ಸಮನಾಗಿ ಇಳಿದು, ಚಂದ್ರಶೇಖರಪ್ಪ ನಿಲ್ಲಿಸಿದ್ದ ಬೈಕಿನ ಸೀಟಿನ ಮೇಲೆ ಬಿತ್ತು.

"ಸರಿ ಇದ್ದು" ಎಂದರು ಸೀತಮ್ಮ ಗಂಡನಿಗೆ. "ಬಟ್ಟೆ ಹೊಳೇಲೇ ತೊಳೀಬೇಕಾತು ಹಂಗಾದ್ರೆ."

ರವೀಂದ್ರ ಕರವಸ್ತ್ರ ತೆಗೆದು ಸೀಟು ಒರೆಸತೊಡಗಿದ. ಚಂದ್ರಶೇಖರಪ್ಪ ಮಹೇಶ್ವರಿಯನ್ನು ಗೇಟಿನ ಹತ್ತಿರ ಕರೆದ. ದನಿ ತಗ್ಗಿತ್ತು, ಮಾತು ತಗ್ಗಿರಲಿಲ್ಲ.

"ಈ ಸಲ ಆತು. ಆದ್ರೂ ನಾ ಹೇಳಿದ್ದು ಹೇಳಿದ್ದ. ರವೀಂದ್ರ ಬಂದಾನ. ಜಾಗದಾಗ ನಂದೂ ಹೆಸರೈತಿ."

"ಐತ್ರಿ. ನಾ ಇಲ್ಲಂದ್ನೇನು? ಆದ್ರ ನೀವ ಹೇಳಿದ್ರಿ, ಮಡಿವಾಳಪ್ಪ ಕೊಯ್ದನಂದ್ರ ನೋಡೋಣಂತ. ಕೊಯ್ದಾನ. ನೋಡಿದ್ರಿ."

"ಮತ್ತ ಹುಡುಗ ಇಷ್ಟು ದೂರ ಬಂದದ್ದು ಸುಮ್ಮನ ಏನ?"

ಮಹೇಶ್ವರಿ ರವೀಂದ್ರನ ಕಡೆ ತಿರುಗಿದಳು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಣ್ಣವನಿದ್ದಾಗ ಅವನಿಗೆ ಉಣ್ಣಿಸಿದವಳು.

"ರವಿ, ಬೆಸಿಗಿ ಹಾಕಾಕ ಬರತೈತೇನಪಾ?"

"ಇಲ್ರಿ ಚಿಗವ್ವ."

"ನಾಳಿಂದ ಬಾ. ಮಡಿವಾಳಪ್ಪನ ಕೈಯಾಗ ಕಲಿ. ಇಂಥಾ ಅಂಗಿ ಹಾಕ್ಕೊಂಡು ಬರಬ್ಯಾಡ, ಕಿಡಿ ಹಾರಿ ತೂತು ಬೀಳತಾವ." ಆಮೇಲೆ ಬಾವನಿಗೆ ಹೇಳಿದಳು: "ಕೆಲಸ ಐತ್ರಿ, ಯಾರು ಬಂದ್ರೂ ಐತಿ. ಕುರ್ಚಿ ಖಾಲಿ ಇಲ್ಲ."

ಚಂದ್ರಶೇಖರಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಜಗಲಿಯಿಂದ ಹೆಗಡೆಯವರು ಕೂಗಿದರು. ಹಿತ್ತಲಿಗೂ ಒಂದು ಗೇಟು ಬೇಕಿತ್ತು, ಬಂದದ್ದು ಬಂದಿದ್ದೀರಿ, ಅಳತೆ ತೆಗೆದುಕೊಂಡೇ ಹೋಗಿ ಎಂದು. ಅವರು ಯಾರ ಹೆಸರನ್ನೂ ಹಿಡಿದು ಕರೆಯಲಿಲ್ಲ. ಬಾವ ಒಂದು ಹೆಜ್ಜೆ ಮುಂದಿಟ್ಟ. ಮಹೇಶ್ವರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನನ್ನು ದಾಟಿ ಹೋದಳು.